ಅತ್ತೆಯ ಫೋನಿನಿಂದ ಬಂದ ವೈಫೈ

ಗುರುವಾರ, ಮಾರ್ಚ್ ೧೨

ಹೊಸ ಫೋನಿಗೆ ಕೊನೆಗೂ ವೈಫೈ ಸಿಕ್ಕಿತು. ಪಾಸ್‌ವರ್ಡ್ ಏನೆಂದು ಮಾತ್ರ ಈಗಲೂ ನೆನಪಿಲ್ಲ.

ತಂಗಿಗೆ ಇವತ್ತು ಮಗಳು ಹುಟ್ಟಿದಳು. ಮಗುವಿನ ವಿಡಿಯೊ ಬಂದಿದ್ದರೂ ತೆರೆಯಲೊಲ್ಲದು. ಈ ಮನೆಯೊಳಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದೇ ಇಲ್ಲ. ರೂಟರ್ ಬೋರಲು ಹಾಕಿ, ಅಂಟಿಸಿದ ಚೀಟಿಯಲ್ಲಿದ್ದ ಪಾಸ್‌ವರ್ಡ್ ಒತ್ತಿದೆ. ತಪ್ಪು. ಅದನ್ನು ನಾನೇ ಬದಲಿಸಿದ್ದೆನಲ್ಲ! ಹಿಂದಿನ ತೂತಿಗೆ ಸೂಜಿ ಚುಚ್ಚಿ ಹಿಡಿದರೆ ಹಳೆಯದೇ ಮರಳುತ್ತದಂತೆ, ಆದರೆ ಆಮೇಲೆ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಆಗಲೇ ವೈಫೈಗೆ ಸೇರಿಕೊಂಡಿರುವ ಫೋನು ಇನ್ನೊಂದಿದೆ. ಅದು ಅತ್ತೆಯದು. ಕಿಟಕಿ ಪರದೆಯ ಬಣ್ಣಕ್ಕೆ ಜಗಳವಾಡಿ ಸೋಮವಾರದಿಂದ ನಾವು ಮುಖ ಕೊಟ್ಟು ಮಾತಾಡಿಲ್ಲ.

ಬೇರೆ ದಾರಿಯಿಲ್ಲದೆ ಅವರ ಬಾಗಿಲಲ್ಲಿ ನಿಂತೆ. "ಅತ್ತೆ, ನಿಮ್ಮ ಫೋನ್ ಸ್ವಲ್ಪ ಕೊಡ್ತೀರಾ?"

"ಯಾಕೆ?"

"ಅದರಲ್ಲಿ ವೈಫೈ ಹಂಚೋಕೆ ಒಂದು ಚೌಕ ಬರುತ್ತೆ. ನನ್ನ ಕ್ಯಾಮೆರಾಗೆ ತೋರಿಸಿದ್ರೆ ಸಾಕು."

ಕೊಟ್ಟರು. ಕಪ್ಪು ಬಿಳಿ ಚುಕ್ಕಿಗಳ ಚೌಕ ಮೂಡಿದ್ದೇ ತಡ, ಕನ್ನಡಕ ಏರಿಸಿಕೊಂಡು ಪಕ್ಕಕ್ಕೇ ಬಂದು ಕೂತರು.

"ಇದರೊಳಗೆ ಪಾಸ್‌ವರ್ಡ್ ಇದೆಯಾ? ನಮಗೆ ಕಾಣದ್ದು ಅದಕ್ಕೆ ಹೇಗೆ ಕಾಣತ್ತೆ?"

"ನನಗೂ ಗೊತ್ತಿಲ್ಲ ಅತ್ತೆ."

ಯಾವ ಚುಕ್ಕಿ ಯಾವ ಅಕ್ಷರವೋ ಎಂದು ಇಬ್ಬರೂ ತಲೆಗೆ ತಲೆ ತಾಗಿಸಿ ಹುಡುಕಿದೆವು. ಅಷ್ಟರಲ್ಲಿ ಚೌಕಕ್ಕೆ ಹಿಡಿದಿದ್ದ ನನ್ನ ಫೋನು ವೈಫೈಗೆ ಸೇರಿಕೊಂಡಿತು, ವಿಡಿಯೊ ತೆರೆಯಿತು. ಮಗು ಬಾಯಿ ತುಂಬ ಆಕಳಿಸಿತು.

"ಮೂಗು ಮಾತ್ರ, ಪಾಪ, ನಿನ್ನದೇ ಬಂದಿದೆ," ಎಂದರು ಅತ್ತೆ.

ನನಗೆ ಸಿಟ್ಟು ಬರಬೇಕಿತ್ತು. ನಗು ತಡೆಯಲಾರದೆ ಅವರ ಹೆಗಲಿಗೇ ಒರಗಿಬಿಟ್ಟೆ.