ಮದುವೆ ಸೀಡಿಗೇ ಎಲ್ಲಾ ಬಡಿಸಿದ ಕಂಪ್ಯೂಟರು

ನಿಶ್ಚಿತಾ,

ಅವರೆಕಾಯಿ ಅರ್ಧ ಸುಲಿದು ಮೊರದಲ್ಲಿ ಬಿಟ್ಟಿದ್ದೇನೆ, ಮಿಕ್ಕಿದ್ದು ನೀನು ಸುಲಿ. ಹಾಲು ಕಾಯಿಸಿಟ್ಟಿದೆ.

ನಿನ್ನ ಕಂಪ್ಯೂಟರ್ ಬೆಳಗಿನಿಂದ ಜಪ್ಪಯ್ಯ ಅನ್ನಲಿಲ್ಲ. ಒಂದಕ್ಷರ ಒತ್ತಿ ಒಂದು ಹಿಡಿ ಕಾಯಿ ಸುಲಿದರೂ ಅದು ಮೂಡುತ್ತಿರಲಿಲ್ಲ. ಆಮೇಲೆ ಮೌಸಿನ ಬಾಣವೂ ನಿಂತಿತು. ಎದುರುಮನೆಯ ಕಂಪ್ಯೂಟರ್ ಮೇಷ್ಟ್ರು ಮಹಾಂತೇಶ್ ಬಂದು, ಬೇರೆ ದಾರಿಯಿಲ್ಲವೆಂದು ಸ್ವಿಚ್ ಆರಿಸಿದರು. ತಂಗಿಗೆಂದು ನಾನು ಟೈಪ್ ಮಾಡಿದ ಕಾಗದವೆಲ್ಲ ಹೋಯಿತು.

ಮತ್ತೆ ಹಾಕಿ ನೋಡಿ ನಕ್ಕರು. "ನಿಮ್ಮ ಮೊಮ್ಮಗಳು ಮದುವೆ ಸೀಡಿ ಕಾಪಿ ಮಾಡೋ ಪ್ರೋಗ್ರಾಮಿಗೆ ಎಲ್ಲಕ್ಕಿಂತ ಮೇಲಿನ ಜಾಗ ಕೊಟ್ಬುಟ್ಟಿದ್ದಾಳೆ ಕಣಮ್ಮ. ಮೊದಲನೇ ಪಂಕ್ತಿಯೋರು ಏಳದೇ ಉಣ್ತಾ ಕೂತ್ರೆ ಮಿಕ್ಕೋರಿಗೆ ಎಲೆ ಎಲ್ಲಿ ಹಾಕ್ತೀರಿ?"

ಬೇಗ ಮುಗಿಸಿ ನನಗೆ ಬಿಟ್ಟುಕೊಡೋಣ ಅಂತಲೇ ಹಾಗೆ ಮಾಡಿದ್ದೀಯ, ಗೊತ್ತು. ಬೈಯುವುದಿಲ್ಲ. ಆ ಪ್ರೋಗ್ರಾಮಿನ ಜಾಗವನ್ನು ನಾರ್ಮಲ್‌ಗಿಂತ ಕೆಳಗಿಡು, ಮತ್ತೆ ಏರಿಸಬೇಡ.

ಗೌರಮ್ಮಣ್ಣಿಗೆ ಕಣ್ಣು ಮಂಜು, ಕಾಗದವನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಕೊಡ್ತೀನಿ ಅಂದಿದ್ದೆ ನೀನು. ಅವ್ವ ಹೋದಾಗಿನಿಂದ ನನ್ನೊಡನೆ ಮಾತು ಬಿಟ್ಟ ತಂಗಿ, ಸೋಮವಾರ ಮಗಳ ಜೊತೆ ಧಾರವಾಡಕ್ಕೇ ಹೊರಟುಹೋಗುತ್ತಾಳೆ. ಇನ್ನು ಕಾಯಲಾರೆ. ರಾತ್ರಿಶಾಲೆಯಲ್ಲಿ ಕಲಿತ ಕೈಬರಹದಲ್ಲೇ, ಹಾಳೆಗೆ ನಾಲ್ಕೇ ಸಾಲಿನಂತೆ ದಪ್ಪಗೆ ಬರೆದೆ. ಇಷ್ಟು ವರ್ಷ ಬರೆಯದೆ ಇದ್ದು ಈಗ ಬರೆದದ್ದು ಇಷ್ಟೇ: ಹೋಗುವ ಮುಂಚೆ ಒಂದು ಸಲ ಬಂದು ಹೋಗು ಅಂತ.

ಅವಳು ಒಡೆದು ಓದುತ್ತಾಳೆಂಬ ಆಸೆ ನನಗಿಲ್ಲ. ನೀನೂ ದಾರಿ ನೋಡುತ್ತ ಕೂರಬೇಡ. ಪೋಸ್ಟಿನವರು ಡಬ್ಬಿ ತೆಗೆಯುವ ಹೊತ್ತಾಯಿತು, ಹಾಕಿ ಬರುತ್ತೇನೆ.

ಅಜ್ಜಿ