ಹಳೆಯದಾಗದ ಹಾಸಿಗೆ

ನವೆಂಬರ್ ೪, ಬೆಳಗ್ಗೆ

ಹಾಲು ಬಂತು, ಪತ್ರಿಕೆ ಬರಲಿಲ್ಲ. ಸೊಂಟದ ನೋವು ಎಂದಿನಂತೆ. ನಮ್ಮ ಮನೆಯ ಕೆಳಗಿನ ಹಾಸಿಗೆ ಅಂಗಡಿಯವರು ಹೊಸ ಫಲಕ ಹಾಕಿದ್ದಾರೆ. ಹಳೆಯ ಹಾಸಿಗೆ ಕೊಟ್ಟರೆ ಹೊಸದು ಅರ್ಧ ಬೆಲೆಗೆ. ಹಳೆಯವೆಲ್ಲ ಸೂರಿಲ್ಲದವರಿಗೆ 'ಉಚಿತವಾಗಿ ದಾನ'. ದಾನವೆಂದ ಮೇಲೆ ಉಚಿತವೇಕೆ? ಇರಲಿ. ಅರ್ಧ ಬೀದಿಯ ಅಂಗಡಿಗಳು ಬಾಗಿಲೆಳೆದುಕೊಂಡಿರುವಾಗ ಒಂದು ಕಂಪನಿಯಾದರೂ ಹೊಣೆಯರಿತು ನಡೆಯುತ್ತಿದೆ.

ನವೆಂಬರ್ ೫, ಸಂಜೆ

ಅಂಗಡಿಯ ಜಗಲಿಯಲ್ಲಿ ಮಲಗುವ ಹೊಲಿಗೆಯವಳು ಮೆಟ್ಟಿಲ ಬಳಿ ತಡೆದಳು. ಗಾರ್ಮೆಂಟ್ಸ್ ಮುಚ್ಚಿದಾಗ ಕೆಲಸ ಹೋಯಿತು; ಆಮೇಲೆ ಬಾಡಿಗೆಯ ಕೋಣೆಯೂ.

"ಟೀಚರಮ್ಮ, ನಿಮ್ಮ ಹಾಸಿಗೆ ಅಂಗಡಿಗೆ ಕೊಡ್ತೀರಂತೆ. ಸುತ್ತಿ ಬಳಸಿ ಯಾಕೆ? ನಂಗೇ ಕೊಟ್ಬಿಡಿ. ಈ ಕಲ್ಲು ಮೂಳೆಗೆ ಇಳೀತಿದೆ."

"ಎಲ್ಲಕ್ಕೂ ಒಂದು ಕ್ರಮವಿದೆಯಮ್ಮ. ಅವರ ಕೈಯಿಂದಲೇ ಬಂದರೆ, ಎಲ್ಲಿಂದ ತಂದೆ ಎಂದು ನಾಳೆ ನಿನ್ನನ್ನು ಯಾರೂ ಕೇಳುವಂತಿಲ್ಲ. ನಿನಗೊಂದು ಸಿಕ್ಕೇ ಸಿಗುತ್ತದೆ. ನಾನು ಹೇಳುತ್ತಿದ್ದೇನಲ್ಲ."

"ನೀವು ಹೇಳಿದ್ಮೇಲೆ ಮುಗೀತು. ಎದುರು ಮಾತಾಡಿದ್ರೆ ಬೆಂಚ್ ಮೇಲೆ ನಿಲ್ಲಿಸ್ತೀರಿ," ಎಂದು ನಕ್ಕಳು.

ನವೆಂಬರ್ ೮

ಹೊಸ ಹಾಸಿಗೆ ಬಂತು. ನೀಲಿ ಪಟ್ಟೆಯ ಹಳೆಯದನ್ನು ಒಯ್ದರು. ನನ್ನ ಮಾತು ಕೇಳಿ ಮಹಡಿಯ ಉಳಿದ ಮನೆಯವರೂ ಕೊಟ್ಟರು. ತೃಪ್ತಿ.

ನವೆಂಬರ್ ೧೯

ಅವಳಿಗೆ ಇನ್ನೂ ಬಂದಿಲ್ಲ. ರಟ್ಟಿನ ಮೇಲೆ ಮಲಗುತ್ತಾಳೆ. ಕೆಮ್ಮು ಮೇಲಿನ ತನಕ ಕೇಳಿಸುತ್ತದೆ. ಈಗ ಹಿಂದಿನ ಮೆಟ್ಟಿಲಿನಿಂದಲೇ ಓಡಾಡುತ್ತಿದ್ದೇನೆ…

ನವೆಂಬರ್ ೨೦, ಮಧ್ಯಾಹ್ನ

ಹಿಂದಿನ ಮೆಟ್ಟಿಲಿನಿಂದ ಇಳಿದದ್ದರಿಂದಲೇ ಕಂಡಿತು. ಅಂಗಡಿಯ ಹಿತ್ತಿಲಲ್ಲಿ ಕೆಲಸದವನೊಬ್ಬ ಹಳೆಯ ಹಾಸಿಗೆಗಳನ್ನು ಚಾಕುವಿನಿಂದ ಉದ್ದಕ್ಕೂ ಸೀಳುತ್ತಿದ್ದ. ಕಸದ ಲಾರಿ ಕಾಯುತ್ತಿತ್ತು. ನೀಲಿ ಪಟ್ಟೆ — ನನ್ನದೇ. ಹತ್ತಿ ಹೊರಬಿದ್ದಿತ್ತು.

ಮ್ಯಾನೇಜರರನ್ನು ಕೇಳಿದೆ.

"ಹೆಡ್ ಆಫೀಸ್ ರೂಲ್, ಮೇಡಂ. ಸೀಳದೆ ಬಿಟ್ರೆ ಯಾರೋ ಎತ್ಕೊಂಡು ಹೋಗಿ ಮಾರ್ಕೋತಾರೆ. ಆಮೇಲೆ ನಮ್ಮ ಹೊಸದನ್ನ ಯಾರು ಕೇಳ್ತಾರೆ?"

"ಹಾಗಾದರೆ ಆ ಫಲಕ?"

"ಕೊಟ್ಟಿದೀವಲ್ಲ, ಮೊದಲನೇ ದಿನ ಒಂದಷ್ಟು. ಫೋಟೊ ಇದೆ, ತೋರಿಸ್ಲಾ?"

"ಬೇಡ. ನಿಮ್ಮ ಜಗಲಿಯ ಮೇಲೇ ಒಬ್ಬಳು ನೆಲದಲ್ಲಿ ಮಲಗುತ್ತಾಳೆ."

ಆತ ದನಿ ತಗ್ಗಿಸಿದ. "ವ್ಯಾಪಾರ ನೆಲ ಕಚ್ಚಿದೆ, ಮೇಡಂ. ಹೀಗೇ ಆದ್ರೆ ಅವಳ ಪಕ್ಕ ನಾನೂ ಜಾಗ ಹಿಡೀಬೇಕು."

ಬೈಯಬೇಕೆಂದಿದ್ದೆ. ಹಿಂದಿನ ಮೆಟ್ಟಿಲು ಹತ್ತಿ ಮನೆಗೆ ಬಂದೆ.

ನವೆಂಬರ್ ೨೧

ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ರೇಗಿದ್ದರೆ ಹಗುರವಾಗುತ್ತಿತ್ತು. "ಹೋಗ್ಲಿ ಬಿಡಿ," ಎಂದಳು, ಅಷ್ಟೆ.

"ನನ್ನ ಹೊಸ ಹಾಸಿಗೆಯನ್ನೇ ಇಳಿಸಿಕೊಡುತ್ತೇನೆ."

"ಅಯ್ಯೋ, ಬೇಡ ಟೀಚರಮ್ಮ. ಹಾಸಿಗೆ ಅಂಗಡಿ ಮುಂದೆ ನನ್ನಂಥವಳು ಹೊಸ ಹಾಸಿಗೆ ಮೇಲೆ ಮಲಗಿದ್ರೆ ಕದ್ದದ್ದು ಅಂತಾರೆ. ಬೆಳಗಾಗೋದ್ರಲ್ಲಿ ಪೊಲೀಸ್ ಬರ್ತಾರೆ."

"ಬಿಲ್ ಇದೆ. ಕೊಡುತ್ತೇನೆ."

"ಬಿಲ್ ನಿಮ್ಮ ಕೈಲಿದ್ರೆ ಬಿಲ್ಲು. ನನ್ನ ಕೈಲಿದ್ರೆ ಅದನ್ನೂ ಕದ್ದೆ ಅಂತಾರೆ." ಕೆಮ್ಮಿದಳು. "ಹಳೇದಾಗಿದ್ರೆ ಯಾರೂ ತಿರುಗಿ ನೋಡ್ತಿರ್ಲಿಲ್ಲ."

ಮನೆಯೊಳಕ್ಕೆ ಕರೆದೆ. ಬರಲಿಲ್ಲ. ಒಂದು ದಿನ ಬಿಟ್ಟರೂ ಜಗಲಿಯ ಜಾಗ ಇನ್ನೊಬ್ಬರ ಪಾಲಾಗುತ್ತದಂತೆ.

ನವೆಂಬರ್ ೨೨, ಮಧ್ಯಾಹ್ನ

ಪ್ಲಾಸ್ಟಿಕ್ ಹೊದಿಕೆ ತೆಗೆದೆ. ಕಂಪನಿಯ ಹೆಸರಿನ ಪಟ್ಟಿಯನ್ನು ಕತ್ತರಿಯಿಂದ ಬಿಡಿಸಿದೆ. ಗ್ಯಾರಂಟಿ ಅಲ್ಲಿಗೆ ಮುಗಿಯಿತು. ಚಪ್ಪಲಿ ಕಾಲಿನಲ್ಲಿ ಅದರ ಮೇಲೆ ನಡೆದಾಡಿದೆ, ಗೋಡೆ ಹಿಡಿದುಕೊಂಡು. ಪಕ್ಕದ ಮನೆಯಾಕೆ ಇಣುಕಿ, "ಟೀಚರ್, ಹುಷಾರಾಗಿದೀರಾ?" ಎಂದಳು. ಹುಷಾರಾಗಿದ್ದೇನೆ ಎಂದೆ.

ಸಂಜೆ

ಒಂದು ಪಾತ್ರೆ ಚಹಾ ಕಾಯಿಸಿದೆ. ಆರಲೆಂದು ಕಾದೆ — ಏಕೋ ತಿಳಿಯದು. ಹಾಸಿಗೆಗೇನು ಬಿಸಿ ತಟ್ಟೀತೆ? ಒಂದು ಮೂಲೆಗೆ ಸುರಿದೆ. ಕಲೆ ನಿಧಾನವಾಗಿ ಹಬ್ಬುತ್ತಿದೆ. ದೂರದಿಂದ ಇನ್ನೂ ಹೊಸದರಂತೆಯೇ ಕಾಣುತ್ತದೆ. ಅವಳಿಗೆ ಇಳಿಸಿಕೊಡಲು ಇಷ್ಟು ಸಾಲದು. ಒಲೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟಿದ್ದೇನೆ. ಉಕ್ಕುವ ಸದ್ದು ಕೇಳುತ್ತಿದೆ, ಹೋಗಿ ಇಳಿಸಿ —