ಅಕ್ಕಾತಾಯಿಯ ತಾಟು

ಇಚಲಕರಂಜಿ
ಗುರುವಾರ, ತಾ. ೧೫-೧೨-೧೯೬೦

ಗಡಹಿಂಗ್ಲಜದ ಆಯಿಯವರಿಗೆ, ನಿಮ್ಮ ಪಾದಕ್ಕೆ ಹಣೆಯಿಟ್ಟು ಶಾಲನ ಮಾಡುವ ವಂದನೆಗಳು. ಜಯ ಜಿನೇಂದ್ರ.

ನಿಮ್ಮ ಮಗಳು ರತ್ನಮಾಲಾ ಅಕ್ಕ ನಿಮ್ಮನ್ನು ಆಯಿ ಎಂದು ಕರೆಯುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅವರ ಮನೆಗೆ ಸೊಸೆಯಾಗಿ ಬಂದವಳು ನಾನು. ನಾನೂ ಹಾಗೇ ಕರೆದರೆ ನಿಮಗೆ ಸಿಟ್ಟು ಬರುವುದೋ ಏನೋ ಎಂದು ಹೆದರಿಕೊಂಡೇ ಬರೆದಿದ್ದೇನೆ. ಬೇರೆ ಯಾವ ಹೆಸರೂ ಕೈಗೆ ಬರಲಿಲ್ಲ.

ಬರುವ ರವಿವಾರ ಜಿನಗೊಂಡ ಅಣ್ಣನವರು ಎಸ್.ಟಿ. ಬಸ್ಸಿಗೆ ಬಂದು ನಿಮ್ಮ ಮೊಮ್ಮಗಳು ಅಕ್ಕಾತಾಯಿಯನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗುತ್ತಾರೆಂದು ನೀವು ಹೇಳಿ ಕಳಿಸಿದ್ದು ತಲುಪಿತು. ಮಗನನ್ನು ಕಳಿಸುವ ಮೊದಲು ಈ ಕಾಗದ ಪೂರ್ತಿ ಓದಿರಿ. ನಡುವೆ ಸಿಟ್ಟು ಬಂದರೆ ಕೆಳಗಿಟ್ಟು, ಆಮೇಲೆ ಮತ್ತೆ ಎತ್ತಿಕೊಳ್ಳಿರಿ.

ದೀಪಾವಳಿ ಮುಗಿದ ಮೇಲೆ ಬಂದಾಗ ನೀವು ಕಂಡದ್ದು ಸುಳ್ಳಲ್ಲ. ಹೊತ್ತು ಮುಳುಗಿತು, ಅತ್ತೆಯವರು ಮಗುವಿನ ಮುಂದಿನ ತಾಟು ಎತ್ತಿದರು, ಮಗು ಒಂದು ತುತ್ತೂ ತಿಂದಿರಲಿಲ್ಲ. ಮರುದಿನ ಹೊರಡುವಾಗ ನೀವು ಬಾಗಿಲಲ್ಲಿ ನಿಂತು ನನಗೆ ಅಂದಿರಿ: “ನನ್ನ ಮಗಳಂತೂ ಹ್ವಾದಳು. ಆಕಿ ಕೂಸಿಗೂ ಈ ಮನ್ಯಾಗ ಅನ್ನ ಇಲ್ಲೇನವಾ?”

ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ಜೈನ ನೇಮ ನಿಮ್ಮ ಮನೆಯಲ್ಲೂ ಇದೆ, ಅದು ನಿಮಗೆ ಹೊಸದಲ್ಲ. ಆದರೆ ಈ ಚಳಿಗಾಲದಲ್ಲಿ ಹೊತ್ತು ಎಷ್ಟು ಬೇಗ ಇಳಿಯುತ್ತದೆ! ಇವರು, ನಿಮ್ಮ ಅಳಿಯ, ನೇಯುವ ಮಾಗ ನಿಲ್ಲಿಸಿ, ಕೂದಲಿಗೆ ಹತ್ತಿದ ಹತ್ತಿಯ ಎಳೆ ಕೊಡವಿ, ಕೈಕಾಲು ತೊಳೆದು ಬರುವಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ಗೇಣುದ್ದ ಬಿಸಿಲು ಉಳಿದಿರುತ್ತದೆ. ಅಷ್ಟರೊಳಗೆ ಮಗು ಉಣ್ಣಬೇಕು, ಇಲ್ಲದಿದ್ದರೆ ಬೆಳಗಿನವರೆಗೆ ಉಪವಾಸ. ನಾನು ಒಲೆಯ ಮುಂದೆ ಕೂತು ಗೋಡೆಯನ್ನು ನೋಡುತ್ತಿದ್ದೆ. ಬಿಸಿಲು ಮೇಲೆ ಸರಿದಂತೆಲ್ಲ ಒಲೆಗೆ ಇನ್ನೊಂದು ಕಟ್ಟಿಗೆ ದೂಡುತ್ತಿದ್ದೆ.

ಅಕ್ಕಾತಾಯಿ ಮೊದಲ ತುತ್ತನ್ನು ದವಡೆಗೆ ಒತ್ತಿಟ್ಟುಕೊಂಡು ಕೂತರೆ ನುಂಗುತ್ತಲೂ ಇರಲಿಲ್ಲ, ಉಗುಳುತ್ತಲೂ ಇರಲಿಲ್ಲ. ಅನ್ನಕ್ಕೆ ಪಲ್ಯ ತಾಗಿದರೆ ತಾಟು ದೂಡುವಳು. ಮೊಸರು ಬೇಡ, ಬೇಳೆಯ ಆಮಟಿ ಬೇಡ. ಹಗಲು ಶೇಂಗಾ, ಬೆಲ್ಲ, ಒಂದಿಷ್ಟು ಚುರಮುರಿ, ಅಷ್ಟರ ಮೇಲೆಯೇ ಜೀವ. ಜೋಳದ ಭಕ್ಕರಿಗೆ ತುಪ್ಪಸಕ್ಕರೆ ಸವರಿ ಸುರುಳಿ ಮಾಡಿ ಕೊಟ್ಟೆ. ಗುಬ್ಬಿಯ ಕಥೆ ಹೇಳಿದೆ. ಗದರಿಸಿದೆ. ಒಂದು ದಿನ ಕೈಮುಗಿದೆ. ಐದು ತುಂಬದ ಆ ಮಗು ನನ್ನ ಮುಖವನ್ನು ಸುಮ್ಮನೆ ನೋಡುತ್ತಿತ್ತು, ತುತ್ತು ದವಡೆಯಲ್ಲೇ ಇತ್ತು.

ನೀವು ಹೋದ ಮೇಲೆ ನಿಮ್ಮ ಮಾತು ಇವರಿಗೂ ಚುಚ್ಚಿತ್ತು. ಒಂದು ಸಂಜೆ ಮಗು ಬಾಯಿ ಬಿಡದಿದ್ದಾಗ ಎಡಗೈಯಿಂದ ಅವಳ ಗದ್ದ ಹಿಡಿದು, ಚಮಚದ ಹಿಡಿಕೆಯಿಂದ ಹಲ್ಲು ಬಿಡಿಸಲು ಹೋದರು. ಒಸಡಿನಲ್ಲಿ ರಕ್ತ ಬಂತು. ಅನ್ನದ ಮೇಲೆ ಆ ಕೆಂಪು ನೋಡಿ ಚಮಚ ಬಿಟ್ಟು ಎದ್ದುಹೋದರು. ಮಾಗದ ಮನೆಯ ಕತ್ತಲಲ್ಲಿ ನಿಂತು ಅವರು ಅತ್ತದ್ದನ್ನು ನಾನು ಕೇಳಿಸಿಕೊಂಡೆ. ಇದನ್ನು ನಿಮಗೆ ಬರೆಯಬಾರದೆಂದು ಹೇಳಿದ್ದಾರೆ. ಆದರೂ ಬರೆದಿದ್ದೇನೆ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದ ತಿಳಿಯಲಿ.

ಮರುದಿನ ಸಂಜೆ ಅತ್ತೆಯವರು ಮಗುವಿನ ಅಲ್ಯುಮಿನಿಯಮ್ಮಿನ ಜರ್ಮನ್ ತಾಟನ್ನು ಎತ್ತಿ, ಅಡಿಗೆಮನೆಯ ಹೊಸ್ತಿಲಾಚೆ, ಹಿತ್ತಲ ಪಡಸಾಲೆಯಲ್ಲಿಟ್ಟರು. ಉಣ್ಣಲು ಕಲಿಯುವವರೆಗೆ ಅಲ್ಲೇ ಒಬ್ಬಳೇ ಕೂಡ್ರು ಎಂದರು. ಮಕ್ಕಳಿಗೆ ಇಂಥ ಶಿಕ್ಷೆ ಎಲ್ಲರ ಮನೆಯಲ್ಲೂ ಇರುತ್ತದೆ ಎಂದು ನಾನೂ ಸುಮ್ಮನಿದ್ದೆ. ಆದರೆ ಅಕ್ಕಾತಾಯಿ ಆ ತಾಟು ನೋಡಿದ್ದೇ ಹೊಸ್ತಿಲಿಂದ ಹಿಂದೆ ಓಡಿಬಂದಳು. ಅತ್ತೆಯವರ ಸೀರೆ ಹಿಡಿದುಕೊಂಡು ಅಂದಳು:

“ನನಗ ಬ್ಯಾನಿ ಇಲ್ಲ ಅಜ್ಜಿ. ನಾ ಕೆಮ್ಮೂದಿಲ್ಲ.”

ಅತ್ತೆಯವರ ಮುಖ ಕಪ್ಪಿಟ್ಟಿತು. ನನಗೆ ಏನೂ ತಿಳಿಯಲಿಲ್ಲ.

ನಾನು ಮಾಗದ ಮನೆಗೆ ಹೋಗಿ ಇವರನ್ನು ಕೇಳಿದೆ. ಮೊದಲು ಹಾರಿಸಿ ಮಾತಾಡಿದರು. ಬಾಗಿಲು ಬಿಟ್ಟು ಕದಲುವುದಿಲ್ಲ ಎಂದು ನಿಂತೆ. ಆಗ ಹೇಳಿದರು.

ಆಯಿ, ರತ್ನಮಾಲಾ ಅಕ್ಕನಿಗೆ ಮುದ್ದತಿನ ಜ್ವರ, ಟೈಫಾಯಿಡ್, ಎಂದು ನಿಮಗೆ ಹೇಳಿ ಕಳಿಸಿದ್ದರು. ಅದು ಮುದ್ದತಿನ ಜ್ವರ ಆಗಿರಲಿಲ್ಲ, ಕ್ಷಯ ಆಗಿತ್ತು. ಊರಲ್ಲಿ ಗೊತ್ತಾದರೆ ಮನೆಗೆ ಯಾರೂ ಕಾಲಿಡುವುದಿಲ್ಲ ಎಂದು ಮುಚ್ಚಿಟ್ಟರು. ತಾಟು ತಂಬಿಗೆ ಬೇರೆ ಇಡಿ ಎಂದು ಡಾಕ್ಟರು ಹೇಳಿದ್ದರಂತೆ. ಅತ್ತೆಯವರು ಅಕ್ಕನನ್ನೇ ಬೇರೆ ಇಟ್ಟರು. ಆ ಹಿತ್ತಲ ಪಡಸಾಲೆಯಲ್ಲೇ ಅವರ ಹಾಸಿಗೆ, ಅಲ್ಲೇ ಊಟ. ಸಂಜೆ ಎಲ್ಲರೂ ಒಳಗೆ ಉಣ್ಣುವಾಗ ಅವರಿಗೆ ಹೊರಗೆ ಬಡಿಸಿ ಬರುತ್ತಿದ್ದರು. ಆಗ ಇನ್ನೂ ಸರಿಯಾಗಿ ಮಾತು ಬಾರದ ಈ ಮಗು ಹೊಸ್ತಿಲ ಈಚೆ ಕೂತು ಅವ್ವ ಉಣ್ಣುವುದನ್ನು ನೋಡುತ್ತಿತ್ತಂತೆ. ದಾಟಲು ಹೋದರೆ ಯಾರಾದರೂ ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದರು. ಹೀಗೆ ಅವ್ವ ಒಂದು ದಿನ ಇಲ್ಲವಾದಳು.

ಅಕ್ಕನ ಕೊನೆಗಾಲದಲ್ಲಿ ನೀವು ನೋಡಲು ಬಂದ ದಿನ ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರಂತೆ. ಅದಕ್ಕೆ ನಿಮಗೆ ಗೊತ್ತಾಗಲಿಲ್ಲ. ಕ್ಷಮಿಸಿರಿ ಎನ್ನುವ ಅಧಿಕಾರವೂ ನನಗಿಲ್ಲ.

ಮಗುವಿನ ತಾಟನ್ನು ಅತ್ತೆಯವರು ಬೇರೆಯಾಗಿ ಬಿಸಿನೀರು ಸುರಿದು ಬೂದಿ ಹಚ್ಚಿ ತೊಳೆಯುವುದನ್ನು ನಾನು ಬಂದಾಗಿನಿಂದ ಕಂಡಿದ್ದೆ. ನಮಗೆಲ್ಲ ಹಿತ್ತಾಳೆ ಗಂಗಾಳ, ಅವಳೊಬ್ಬಳಿಗೇ ಜರ್ಮನ್ ತಾಟು. ಸಣ್ಣ ಮಗು, ಅದಕ್ಕೆ ಹಗುರವಾದದ್ದು ಎಂದುಕೊಂಡಿದ್ದೆ. ಅವ್ವನ ರೋಗ ಮಗುವಿಗೂ ತಗುಲಿರಬಹುದೆಂಬ ಹೆದರಿಕೆ ಅತ್ತೆಯವರಿಗೆ. ಅವರ ಸ್ವಂತ ತಂಗಿ ಅದೇ ರೋಗದಿಂದ ಹೋದವಳಂತೆ. ಹಾಗಾಗಿ ಅವರನ್ನು ಪೂರ್ತಿ ಬಯ್ಯಲೂ ನನಗೆ ಆಗುತ್ತಿಲ್ಲ. ನಾವು ಯಾರೂ ಆ ತಾಟಿನ ಬಗ್ಗೆ ಮಾತಾಡಿರಲಿಲ್ಲ. ಮಗುವಿಗೆ ಮಾತ್ರ ಅದು ಏನೆಂದು ಗೊತ್ತಿತ್ತು.

ಮರುದಿನ ಸಂಜೆ ನಾನು ಅವಳ ತಾಟಿನ ಅನ್ನ, ಭಕ್ಕರಿ ಎಲ್ಲವನ್ನೂ ನನ್ನ ಗಂಗಾಳಕ್ಕೆ ಸುರುವಿಕೊಂಡು, ಪಡಸಾಲೆಗೆ ಹೋಗಿ ಅವಳ ಮಗ್ಗುಲಿಗೆ ಕೂತೆ. ಅತ್ತೆಯವರು ಸಟ್ಟುಗ ಕೆಳಗಿಟ್ಟರು. ಅವರು ಕೂಗಲಿಲ್ಲ, ಮೆಲ್ಲಗೆ ಕೇಳಿದರು.

“ನಾಳಿ ನಿನ್ನ ಹೊಟ್ಟ್ಯಾಗೂ ಕೂಸು ಆಗೂದೈತಿ. ತಿಳದು ಮಾಡಾಕತ್ತೀಯೇನ ಶಾಲನ?”

“ತಿಳದೇ ಮಾಡಾಕತ್ತೇನ್ರಿ,” ಅಂದೆ.

ಇವರು ನಡುವೆ ಕೂತು ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿದರು. ಯಾರ ಪರವಾಗಿಯೂ ಬಾಯಿ ತೆರೆಯಲಿಲ್ಲ. ಆ ಹೊತ್ತಿನಲ್ಲಿ ನನಗೆ ಇವರ ಮೇಲೆ ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಆ ದಿನ ಅಕ್ಕಾತಾಯಿ ಏನೂ ತಿನ್ನಲಿಲ್ಲ. ನಾನೂ ಉಣ್ಣು ಅನ್ನಲಿಲ್ಲ. ನನ್ನ ಪಾಡಿಗೆ ಉಂಡೆ. ಹೊತ್ತು ಮುಳುಗಿತು, ಮಗು ಹಸಿದೇ ಮಲಗಿತು. ಅತ್ತೆಯವರು ನನ್ನೊಡನೆ ಮಾತು ಬಿಟ್ಟರು. ಮುಂದಿನ ಸಂಜೆಯೂ ಹಾಗೇ ಆಯಿತು. ನಾನು ಹಟ ಹಿಡಿದು ಮಗುವಿನ ಜೀವ ತೆಗೆಯುತ್ತಿದ್ದೇನೆಯೇ ಎಂದು ಅನ್ನಿಸಿತು.

ಅದರ ಮರುದಿನ ಅವಳು ನನ್ನ ಕೈ ಎಲ್ಲಿಗೆ ಹೋಗುತ್ತದೆ, ಬಾಯಿಗೆ ಹೇಗೆ ಬರುತ್ತದೆ ಎಂದು ನೋಡುತ್ತ ಕೂತಳು. ಆಮೇಲೆ ನನ್ನ ಗಂಗಾಳದ ಭಕ್ಕರಿಯ ಅಂಚು ಮುರಿದಳು. ಆಮಟಿಯಲ್ಲಿ ಅದ್ದಿದಳು. ನಾನು ನೋಡಿದರೆ ಬಿಟ್ಟುಬಿಡುತ್ತಾಳೆಂದು ಗೋಡೆಯ ಕಡೆ ಮುಖ ಮಾಡಿದೆ. ಅಗಿಯುವ ಸಪ್ಪಳ ಕೇಳಿತು. ನುಂಗಿದ್ದೂ ಕೇಳಿತು, ಆಯಿ. ಇವರು ಏನೋ ಅನ್ನಲು ಹೊರಟರು, ಕಣ್ಣಿನಿಂದಲೇ ತಡೆದೆ.

ಈಗ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೆಂತ್ಯೆ ಪಲ್ಯ ಇಂದಿಗೂ ಮುಟ್ಟುವುದಿಲ್ಲ. ಕೆಲವು ಸಂಜೆ ನಾಲ್ಕು ಅಗುಳು ತಿಂದು ಏಳುತ್ತಾಳೆ. ನಾನು ಒತ್ತಾಯ ಮಾಡುವುದಿಲ್ಲ. ಎಲ್ಲರಿಗೂ ಮಾಡಿದ್ದೇ ಅವಳಿಗೂ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದು ಅವಳಿಗೆ ಬಿಟ್ಟದ್ದು. ತುತ್ತು ದವಡೆಯಲ್ಲಿಟ್ಟುಕೊಳ್ಳುವುದು ನಿಂತಿದೆ. ಇವರೂ ಈಗ ತಮ್ಮ ಗಂಗಾಳ ಹಿಡಿದುಕೊಂಡು ಪಡಸಾಲೆಗೆ ಬಂದು ಕೂಡುತ್ತಾರೆ. ಒಳಗೆ ಅತ್ತೆಯವರು ಒಬ್ಬರೇ ಉಣ್ಣುತ್ತಾರೆ. ನಿನ್ನೆ ಮಗು ಖಾಲಿ ಕೈ ಮುಂದೆ ಚಾಚಿ, “ಇನ್ನೊಂದೀಟು ಹಾಕ” ಅಂತು.

ಇನ್ನೊಂದು ವಿಷಯ ಉಳಿದಿದೆ. ಅದನ್ನೂ ಮುಚ್ಚಿಡುವುದಿಲ್ಲ. ಮಗುವಿನ ತೂಕ ನೋಡಿ ಇಲ್ಲಿಯ ಡಾಕ್ಟರರೂ ಅನುಮಾನಪಟ್ಟರು. ಸೋಮವಾರ ಕೊಲ್ಹಾಪುರಕ್ಕೆ ಹೋಗಿ ಎದೆಯ ಫೋಟೋ ತೆಗೆಸಿ ಬಂದೆವು. ಏನು ಬಂತೆಂದು ಕೇಳಲು ಇವರು ಇಂದು ಬೆಳಗಿನ ಎಸ್.ಟಿ.ಗೆ ಹೋಗಿದ್ದಾರೆ. ತಿರುಗಿ ಬರುವ ಮೊದಲೇ ಇದನ್ನು ಬರೆದು ಮುಗಿಸಬೇಕೆಂದು ಕೂತಿದ್ದೇನೆ. ಫಲ ಒಳ್ಳೆಯದಾದರೆ ಒಂದು ಮಾತು, ಕೆಟ್ಟದ್ದಾದರೆ ಇನ್ನೊಂದು ಮಾತು ಆಗಬಾರದು ನೋಡಿ. ರೋಗ ಇದ್ದರೂ ಈಗ ಔಷಧ ಇದೆ ಎನ್ನುತ್ತಾರೆ. ತಾಟು ಬೇರೆ ಇಡಬೇಕು ಎಂದು ಡಾಕ್ಟರು ಹೇಳಿದರೆ ಇಡುತ್ತೇನೆ. ಆದರೆ ಅವಳು ಎಲ್ಲಿ ಉಣ್ಣುತ್ತಾಳೋ ನಾನೂ ಅಲ್ಲೇ ಕೂತು ಉಣ್ಣುತ್ತೇನೆ.

ಅದಕ್ಕೆ ನಿಮ್ಮಲ್ಲಿ ಬೇಡುವುದು ಇಷ್ಟೇ. ಜಿನಗೊಂಡ ಅಣ್ಣನವರನ್ನು ಒಬ್ಬರನ್ನೇ ಕಳಿಸಬೇಡಿರಿ. ನೀವೂ ಬನ್ನಿರಿ. ಹೊತ್ತಿರುವಾಗಲೇ ಬಂದು ನಮ್ಮ ಜೊತೆ ಉಣ್ಣಿರಿ. ಅತ್ತೆಯವರನ್ನು ಏನು ಕೇಳಬೇಕೋ ಕೇಳಿರಿ, ಅದು ನಿಮ್ಮ ಹಕ್ಕು. ಆಮೇಲೂ ಮಗುವನ್ನು ಒಯ್ಯುತ್ತೇನೆ ಎಂದರೆ, ಹೆತ್ತವಳಲ್ಲದ ನನಗೆ ಅಡ್ಡ ಬರುವ ಅಧಿಕಾರ ಇಲ್ಲ ಎಂದು ನಾಲ್ಕು ಜನ ಹೇಳುತ್ತಾರೆ. ಹೇಳಲಿ. ನಾನು ಬಾಗಿಲಲ್ಲಿ ನಿಲ್ಲುತ್ತೇನೆ.

ನೂಲಿನ ವ್ಯಾಪಾರಿ ಶಾಂತಿನಾಥ ಕಾಕಾ ನಾಳೆ ಬೆಳಗ್ಗೆ ಗಡಹಿಂಗ್ಲಜಕ್ಕೆ ಹೊರಟಿದ್ದಾರೆ. ಈ ಕಾಗದ ಅವರ ಕೈಯಲ್ಲಿ ಕೊಡುತ್ತೇನೆ.

ನಿಮ್ಮ ಮಗಳ ಜಾಗಕ್ಕೆ ಬಂದ,
ಶಾಲನ

ತಾ.ಕ.: ಇವರು ಹೊತ್ತು ಮುಳುಗುವ ಮೊದಲೇ ಬಂದರು. ಮಗುವಿನ ಎದೆ ಸ್ವಚ್ಛ ಇದೆ, ರೋಗ ಇಲ್ಲ. ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ನಾನು ಬದಲಿಸಿಲ್ಲ. ಸುದ್ದಿ ಕೇಳಿ ಅತ್ತೆಯವರು ದೇವರ ಮುಂದೆ ಹೋಗಿ ಕೈಮುಗಿದರು. ಊಟದ ಹೊತ್ತಿಗೆ ತಾವೇ ಎಲ್ಲರಿಗೂ ಒಳಗೆ ಬಡಿಸಿ, ಅಕ್ಕಾತಾಯಿಯನ್ನು ಕೈಹಿಡಿದು ತಮ್ಮ ಮಗ್ಗುಲಿಗೆ ಕೂಡ್ರಿಸಿಕೊಂಡರು, ತಮ್ಮ ಗಂಗಾಳದಿಂದಲೇ ತುತ್ತು ಮಾಡಿ ಕೊಟ್ಟರು. ಮಗು ಬಾಯಿ ತೆರೆಯಲಿಲ್ಲ. ಎದ್ದು ಬಂದು ನನ್ನ ತೊಡೆಯ ಮೇಲೆ ಕೂತಿತು. ಅತ್ತೆಯವರು ಆ ತುತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಹೋಗು, ಅಜ್ಜಿಯ ಹತ್ತಿರ ಹೋಗು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೇಳಬೇಕಿತ್ತೇ, ಆಯಿ? ಬಂದಾಗ ನೀವೇ ತಿಳಿಸಿರಿ.